ಕಟ್ಟಡಕ್ಕೆ ಕಮಿಟಿ, ಪಟ್ಟಣಕ್ಕೆ ಆಡಳಿತಾಧಿಕಾರಿ

ಮುಂಬಯಿಯ ದಹಿಸರ್‌ನಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ. ಹತ್ತು ಗಂಟೆ ಎಂದರೆ ಹತ್ತೂವರೆ. ಇದು ಸೋಮಾರಿತನವಲ್ಲ, ನಿಯಮವೇ ಹಾಗಿದೆ. ಒಟ್ಟು ಸದಸ್ಯರಲ್ಲಿ ಮೂರನೇ ಎರಡು ಭಾಗ ಅಥವಾ ಇಪ್ಪತ್ತು ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸೇರಿದರೆ ಕೋರಂ. ನಲವತ್ತೆಂಟು ಮನೆಗಳ ನಮ್ಮ ಕಟ್ಟಡದಲ್ಲಿ ಭಾನುವಾರ ಹತ್ತಕ್ಕೆ ಇಪ್ಪತ್ತು ಮಂದಿ ಕೆಳಗಿಳಿದು ಬಂದ ಚರಿತ್ರೆಯೇ ಇಲ್ಲ. ಚೇರ್ಮನ್ ಗಡಿಯಾರ ನೋಡಿ ಸಭೆ ಮುಂದೂಡುತ್ತಾರೆ. ಅರ್ಧ ಗಂಟೆ ಕಳೆದು ಅದೇ ಜನ ಅದೇ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತರೆ, ಆಗ ಕೋರಂ ಬೇಕಿಲ್ಲ. ನಡುವಿನ ಅರ್ಧ ಗಂಟೆ ಬಟಾಟೆ ವಡೆ, ಚಹಾ. ಆ ವಡೆಯ ಖರ್ಚನ್ನು ಮುಂದಿನ ವರ್ಷ ಇದೇ ಸಭೆಯಲ್ಲಿ ಯಾರಾದರೊಬ್ಬರು ಕೆದಕುತ್ತಾರೆ, ವಡೆ ತಿಂದವರೇ.

ಐದು ವರ್ಷ ಸೊಸೈಟಿಯ ಖಜಾಂಚಿಯಾಗಿದ್ದೆ. ತಾರಸಿಯ ಸೋರಿಕೆ ನಿಲ್ಲಿಸುವ ಕೆಲಸಕ್ಕೆ ಮೂರು ಕೊಟೇಶನ್ ತರಿಸಿ ನಡುವಿನದನ್ನು ಒಪ್ಪಿಕೊಂಡಿದ್ದೆವು. ಮೂರನೇ ಮಹಡಿಯ ಹಿರಿಯರೊಬ್ಬರು ಎದ್ದು, ಎಲ್ಲಕ್ಕಿಂತ ಕಡಿಮೆ ಹೇಳಿದವನನ್ನು ಏಕೆ ಬಿಟ್ಟಿರಿ, ಯಾವ ಕಂಪನಿಯ ರಾಸಾಯನಿಕ ಬಳಸುತ್ತಾರೆ, ಎಷ್ಟು ವರ್ಷದ ಗ್ಯಾರಂಟಿ, ಆ ಗ್ಯಾರಂಟಿಯ ಕಾಗದ ಯಾರ ಕಪಾಟಿನಲ್ಲಿದೆ ಎಂದು ಮುಕ್ಕಾಲು ಗಂಟೆ ನನ್ನನ್ನು ನಿಲ್ಲಿಸಿಕೊಂಡು ಕೇಳಿದರು. ಒಳಗೊಳಗೇ ಸಿಟ್ಟು ಬಂದಿತ್ತು. ಆದರೆ ಮರುದಿನ ನಾನು ಗುತ್ತಿಗೆದಾರನಿಗೆ ಮೊದಲು ಕೇಳಿದ್ದು ಗ್ಯಾರಂಟಿ ಕಾಗದವನ್ನೇ.

ಇದೇ ಹಿರಿಯರು, ಇದೇ ನಾನು, ಇದೇ ನಲವತ್ತೆಂಟು ಮನೆಯವರು ಮುಂಬಯಿ ಮಹಾನಗರ ಪಾಲಿಕೆಯ 2025-26ರ ಬಜೆಟ್ ಮಂಡನೆಯಾದಾಗ ಪತ್ರಿಕೆಯ ಪುಟ ತಿರುವಿ ಹಾಕಿದೆವು. ಅದರ ಮೊತ್ತ 74,427 ಕೋಟಿ ರೂಪಾಯಿ. ಅದನ್ನು ಮಂಡಿಸಿದವರು ಆಯುಕ್ತರು, ಒಪ್ಪಬೇಕಾದವರು ಚುನಾಯಿತ ಸಭೆಯ ಜಾಗದಲ್ಲಿ ಸರ್ಕಾರ ಕೂರಿಸಿದ ಆಡಳಿತಾಧಿಕಾರಿ. ಇಬ್ಬರೂ ಒಬ್ಬರೇ. ಚುನಾಯಿತ ಪಾಲಿಕೆಯ ಅವಧಿ 2022ರ ಮಾರ್ಚ್ 7ರಂದು ಮುಗಿದಿತ್ತು. ಮುಂದಿನ ಮತದಾನ ನಡೆದದ್ದು 2026ರ ಜನವರಿ 15ರಂದು. ನಡುವೆ ಮೂರು ವರ್ಷ ಹತ್ತು ತಿಂಗಳು. ಒಂದು ಕೋಟಿಗೂ ಹೆಚ್ಚು ಮತದಾರರಿರುವ ಪಟ್ಟಣದಲ್ಲಿ 227 ನಗರಸೇವಕರ, ಅಂದರೆ ಕಾರ್ಪೊರೇಟರುಗಳ, ಕುರ್ಚಿಗಳೂ ಖಾಲಿಯಿದ್ದವು. ಸೊಸೈಟಿಯ ಕಮಿಟಿಗೂ ಅವಧಿ ಐದೇ ವರ್ಷ. ಅದು ಮುಗಿದರೂ ಚುನಾವಣೆ ಮಾಡದಿದ್ದರೆ ಸಹಕಾರ ಇಲಾಖೆಯ ಉಪನಿಬಂಧಕರು ಆಡಳಿತಾಧಿಕಾರಿಯನ್ನು ನೇಮಿಸಬಹುದು. ಹಾಗೊಂದು ನೋಟೀಸು ಬರಬಹುದು ಎಂಬ ಗಾಳಿಸುದ್ದಿಗೇ ನಮ್ಮ ಕಟ್ಟಡದ ವಾಟ್ಸ್ಆ್ಯಪ್ ಗುಂಪು ಮೂರು ರಾತ್ರಿ ನಿದ್ದೆ ಮಾಡಲಿಲ್ಲ. ಹೊರಗಿನವನು ಬಂದು ನಮ್ಮ ಲೆಕ್ಕ ನೋಡುವುದೇ! ಪಟ್ಟಣದ ವಿಷಯದಲ್ಲಿ ಆ ಉದ್ಗಾರ ಯಾರ ಬಾಯಿಂದಲೂ ಬರಲಿಲ್ಲ. ಏಕೆ ಬರಲಿಲ್ಲ ಎಂಬುದೇ ಈ ಲೇಖನದ ಪ್ರಶ್ನೆ.

ಮೊದಲು ಕಾನೂನು. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಅದು ಸೇರಿಸಿದ 243-ಯು ವಿಧಿಯಲ್ಲಿ ಗೊಂದಲಕ್ಕೆ ಎಡೆಯೇ ಇಲ್ಲ. ನಗರಸಭೆಯ ಅವಧಿ ಐದು ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. ಅವಧಿ ಮುಗಿಯುವ ಮುನ್ನವೇ ಚುನಾವಣೆ ಮುಗಿದಿರಬೇಕು. ನಡುವೆ ವಿಸರ್ಜಿಸಿದರೆ ಆರು ತಿಂಗಳೊಳಗೆ ಮತ್ತೆ ಚುನಾವಣೆ. ರಾಜ್ಯ ಸರ್ಕಾರಗಳು ಪುರಸಭೆಗಳನ್ನು ಮನಸ್ಸು ಬಂದಾಗ ಬರಖಾಸ್ತು ಮಾಡಿ ವರ್ಷಗಟ್ಟಲೆ ಅಧಿಕಾರಿಗಳ ಕೈಗೆ ಕೊಡುತ್ತಿದ್ದ ಹಳೆಯ ಚಾಳಿಗೆ ಹಾಕಿದ ಬೀಗ ಇದು. ಮುಂಬಯಿಯೇ 1984-85ರಲ್ಲಿ ಆಡಳಿತಾಧಿಕಾರಿಯ ಕೈಕೆಳಗಿತ್ತು.

ಬೀಗ ಹೇಗೆ ತೆರೆಯಿತು? ಒಡೆದು ಅಲ್ಲ, ಕೀಲಿ ಹಾಕಿಯೇ. 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಸ್ಥಳೀಯ ಸಂಸ್ಥೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಮೀಸಲಾತಿ ಕೊಡಬೇಕಾದರೆ ಮೂರು ಷರತ್ತು ಪೂರೈಸಬೇಕು ಎಂದಿತು: ಅದಕ್ಕೆಂದೇ ಆಯೋಗ, ಸಂಸ್ಥೆವಾರು ಅಂಕಿಅಂಶ, ಒಟ್ಟು ಮೀಸಲಾತಿ ಶೇ. 50ರೊಳಗೆ. ಮಹಾರಾಷ್ಟ್ರದ ಬಳಿ ಅಂಕಿಅಂಶ ಇರಲಿಲ್ಲ. ಮೀಸಲಾತಿಯಿಲ್ಲದೆ ಚುನಾವಣೆಗೆ ಹೋಗುವ ಧೈರ್ಯ ಯಾವ ಪಕ್ಷಕ್ಕೂ ಇರಲಿಲ್ಲ. ಈ ನಡುವೆ ಒಂದು ಸರ್ಕಾರ ಮುಂಬಯಿಯ ವಾರ್ಡುಗಳನ್ನು 227ರಿಂದ 236ಕ್ಕೆ ಏರಿಸಿತು. ಸರ್ಕಾರ ಬದಲಾಯಿತು, 2022ರ ಆಗಸ್ಟ್‌ನಲ್ಲಿ ಹೊಸ ಸರ್ಕಾರ ಮತ್ತೆ 227ಕ್ಕೆ ಇಳಿಸಿತು. ಎರಡೂ ವಿಷಯ ನ್ಯಾಯಾಲಯದಲ್ಲಿ ಸಿಕ್ಕಿಕೊಂಡವು, ಯಥಾಸ್ಥಿತಿಯ ಆದೇಶ ಬಂತು, ತಾರೀಕಿನ ಮೇಲೆ ತಾರೀಕು ಬಿದ್ದಿತು. ಕೊನೆಗೆ 2025ರ ಮೇ 6ರಂದು ಸುಪ್ರೀಂ ಕೋರ್ಟೇ ನಾಲ್ಕು ವಾರದಲ್ಲಿ ಅಧಿಸೂಚನೆ, ನಾಲ್ಕು ತಿಂಗಳಲ್ಲಿ ಚುನಾವಣೆ ಎಂದು ಆದೇಶಿಸಿತು. ಆ ಗಡುವೂ ದಾಟಿತು. ಸೆಪ್ಟೆಂಬರ್‌ನಲ್ಲಿ ಅದನ್ನು 2026ರ ಜನವರಿ 31ರವರೆಗೆ ಹಿಗ್ಗಿಸಲಾಯಿತು. ಇಷ್ಟರಲ್ಲಿ ಸಂವಿಧಾನ ಹೇಳಿದ ಆರು ತಿಂಗಳು ಏಳು ಸಲ ಕಳೆದು ಹೋಗಿತ್ತು. ಯಾರೋ ಒಬ್ಬರು ಕೂತು ಸಂಚು ಮಾಡಿದರು ಎನ್ನಲು ನಾನು ಹೋಗುವುದಿಲ್ಲ. ಚುನಾವಣೆ ತಡವಾದಷ್ಟೂ ಅಧಿಕಾರದಲ್ಲಿ ಇದ್ದವರಿಗೆ ನಷ್ಟವಿರಲಿಲ್ಲ, ಅಷ್ಟೇ ಸಾಕಾಯಿತು.

ಬೆಂಗಳೂರಿನಲ್ಲಿರುವ ನಮ್ಮ ಬಂಧುಗಳು ಇದನ್ನು ಕೇಳಿ ನಕ್ಕುಬಿಡುತ್ತಾರೆ. ಅವರ ಪಾಲಿಕೆಯ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಅದಾದ ಮೇಲೆ ಮತದಾನದ ಬದಲು ಹೊಸ ಕಾಯ್ದೆ ಬಂತು, ಒಂದಿದ್ದ ಪಾಲಿಕೆ ಐದಾಯಿತು. ಈ ಪಂದ್ಯದಲ್ಲಿ ಮುಂಬಯಿಗೆ ಎರಡನೇ ಸ್ಥಾನ.

ಈಗ ಮೂಲ ಪ್ರಶ್ನೆಗೆ ಬರೋಣ. ಪಾಲಿಕೆಯೇ ಇಲ್ಲದೆ ನಾಲ್ಕು ವರ್ಷ ಹತ್ತಿರವಾದರೂ ಪಟ್ಟಣ ಏಕೆ ಕೂಗಲಿಲ್ಲ? ನಳದಲ್ಲಿ ನೀರು ಬಂತು, ಕಸದ ಗಾಡಿ ಬಂತು, ಬಸ್ಸು ಓಡಿತು, ಹೋಟೆಲಿನವರ ಲೈಸೆನ್ಸ್ ನವೀಕರಣ ಎಂದಿನಂತೆ ಎಂದಿನ ತಾಪತ್ರಯಗಳೊಡನೆ ನಡೆಯಿತು. ಇದರ ಕಾರಣ 150 ವರ್ಷ ಹಿಂದಿನದು.

1865ರಲ್ಲಿ ಮುಂಬಯಿಗೆ ಸಿಕ್ಕ ಮೊದಲ ಮುನಿಸಿಪಲ್ ಆಯುಕ್ತ ಆರ್ಥರ್ ಕ್ರಾಫರ್ಡ್. ಅವನ ಹೆಸರಿನ ಮಾರುಕಟ್ಟೆಯನ್ನು ಇಂದಿಗೂ ಜನ ಅದೇ ಹೆಸರಿನಿಂದ ಕರೆಯುತ್ತಾರೆ, ಬೋರ್ಡಿನ ಮೇಲೆ ಜ್ಯೋತಿಬಾ ಫುಲೆಯವರ ಹೆಸರಿದ್ದರೂ. ಕ್ರಾಫರ್ಡ್ ಕೆಲಸಗಾರ, ಚರಂಡಿ, ರಸ್ತೆ, ಮಾರುಕಟ್ಟೆ ಎಂದು ದುಡ್ಡನ್ನು ನೀರಿನಂತೆ ಹರಿಸಿದ. ಲೆಕ್ಕ ಕೇಳುವವರು ಗಟ್ಟಿಯಾಗಿರಲಿಲ್ಲ. 1871ರಲ್ಲಿ ತೆರಿಗೆದಾರರು ರೇಗಿ ಬೀದಿಗಿಳಿದರು. ಆಯುಕ್ತನ ಹುದ್ದೆಯನ್ನೇ ಕಿತ್ತುಹಾಕಿ, ಸಮಿತಿಯೊಂದು ಆಳಲಿ ಎಂಬುದು ಅವರ ಬೇಡಿಕೆ. ಆಗ ಇಪ್ಪತ್ತಾರು ವರ್ಷದ ವಕೀಲ ಫಿರೋಜ್‌ಶಾ ಮೆಹತಾ ಎದ್ದು ನಿಂತು ಗಾಳಿಗೆ ಎದುರಾಗಿ ಮಾತಾಡಿದರು. ದೋಷ ಆಯುಕ್ತನ ಬಲದಲ್ಲಿಲ್ಲ, ಅವನನ್ನು ಪ್ರಶ್ನಿಸುವ ಚುನಾಯಿತ ಸಭೆ ಇಲ್ಲದಿರುವುದರಲ್ಲಿದೆ ಎಂಬುದು ಅವರ ವಾದದ ತಿರುಳು. 1872ರ ಕಾಯ್ದೆ ಬಹುಮಟ್ಟಿಗೆ ಆ ದಾರಿಯಲ್ಲೇ ನಡೆಯಿತು: 64 ಸದಸ್ಯರ ಸಭೆ, ಅರ್ಧದಷ್ಟು ಮಂದಿ ತೆರಿಗೆದಾರರಿಂದ ಚುನಾಯಿತರು. 1888ರ ಕಾಯ್ದೆ ಅದನ್ನೇ ವಿಸ್ತರಿಸಿತು. ಇಂದಿಗೂ ಮುಂಬಯಿ ಪಾಲಿಕೆ ನಡೆಯುವುದು ಅದೇ ಕಾಯ್ದೆಯ ಆಧಾರದಲ್ಲಿ. ಕಾರ್ಯಾಂಗದ ಅಧಿಕಾರವೆಲ್ಲ ಆಯುಕ್ತರದು, ಅವರನ್ನು ನೇಮಿಸುವುದು ರಾಜ್ಯ ಸರ್ಕಾರ. ಮೇಯರ್, ಇಲ್ಲಿಯ ಮಾತಿನಲ್ಲಿ ಮಹಾಪೌರ, ಮುಖ್ಯವಾಗಿ ಗೌರವದ ಸ್ಥಾನ. ಚುನಾಯಿತರ ನಿಜವಾದ ಬಲ ಸ್ಥಾಯಿ ಸಮಿತಿಯಲ್ಲಿ, ಅಂದರೆ ಆಯುಕ್ತರು ತಂದ ಖರ್ಚಿನ ಪ್ರಸ್ತಾವವನ್ನು ಒಪ್ಪುವ, ಹಿಂತಿರುಗಿಸುವ, ಗದ್ದಲ ಎಬ್ಬಿಸುವ ಜಾಗದಲ್ಲಿ.

ಎಂದರೆ ಮುಂಬಯಿಯ ಸ್ವಯಮಾಡಳಿತದಲ್ಲಿ ಕೈ ಸರ್ಕಾರದ್ದು, ಕಣ್ಣು ಮಾತ್ರ ಜನರದು. 2022ರಲ್ಲಿ ಹೋದದ್ದು ಕಣ್ಣು. ಕೈ ಮೊದಲಿನಂತೆಯೇ ಕೆಲಸ ಮಾಡುತ್ತಿತ್ತು. ನೀರು ನಿಲ್ಲದಿದ್ದುದು ಅದಕ್ಕೇ. ಆಡಳಿತ ನಡೆಯುತ್ತಿದೆ ಎಂಬುದನ್ನೇ ಸ್ವಯಮಾಡಳಿತ ಎಂದು ನಾವು ತಿಳಿದುಕೊಂಡಿದ್ದೆವು.

ಹಾಗೆಂದು ನಗರಸೇವಕರೆಲ್ಲ ಸಾಧುಗಳಾಗಿದ್ದರು ಎಂದು ಬರೆದರೆ ಓದುಗರು ಪತ್ರಿಕೆಯನ್ನೇ ಮಡಚಿಡುತ್ತಾರೆ. ಸ್ಥಾಯಿ ಸಮಿತಿಯ ಗದ್ದಲಕ್ಕೆ ಎಷ್ಟೋ ಸಲ ಬೇರೆಯದೇ ಅರ್ಥಗಳಿದ್ದವು. ಆದರೂ ಎದುರು ಪಕ್ಷದವರು ಇದ್ದರು, ಕಡತ ಹೊರಬರುತ್ತಿತ್ತು, ಮರುದಿನ ಪತ್ರಿಕೆಯಲ್ಲಿ ಮೊತ್ತ ಅಚ್ಚಾಗುತ್ತಿತ್ತು. 2023ರ ಆರಂಭದಲ್ಲಿ ಸುಮಾರು 400 ಕಿಲೋಮೀಟರ್ ರಸ್ತೆಯನ್ನು ಆರು ಸಾವಿರ ಕೋಟಿ ರೂಪಾಯಿ ಖರ್ಚಿನಲ್ಲಿ ಕಾಂಕ್ರೀಟು ಮಾಡುವ ಯೋಜನೆ ಹೊರಟಿತು. ಯೋಜನೆ ಕೆಟ್ಟದ್ದು ಎಂದು ಹೇಳಲಾರೆ. ಮಳೆಗಾಲದ ಹೊಂಡಗಳಲ್ಲಿ ಸ್ಕೂಟರ್ ಓಡಿಸಿದವನು ನಾನು. ಆದರೆ ಯಾವ ರಸ್ತೆ ಮೊದಲು, ಯಾವುದು ಆಮೇಲೆ, ಒಂದೇ ಪ್ರದೇಶದಲ್ಲಿ ಎಷ್ಟು ರಸ್ತೆಗಳನ್ನು ಒಟ್ಟಿಗೆ ಅಗೆಯಬಹುದು ಎಂಬುದನ್ನು ಚುನಾಯಿತ ಸಭೆಯೊಂದು ಎದುರುಬದುರು ಕೂತು ಚರ್ಚಿಸಲಿಲ್ಲ. ನಮ್ಮ ತಾರಸಿಗೆ ಮೂರು ಕೊಟೇಶನ್ ಕೇಳಿದ ಹಿರಿಯರು ಈ ಆರು ಸಾವಿರ ಕೋಟಿಯ ಬಗ್ಗೆ ಯಾರನ್ನು ಕೇಳಬೇಕಿತ್ತು?

ನಮ್ಮ ಗೇಟಿನ ಎದುರಿನ ಕಾಲುದಾರಿಯನ್ನು ಒಂದು ಬೆಳಿಗ್ಗೆ ಯಾರೋ ಅಗೆದರು. ಮುಂಬಯಿಯಲ್ಲಿ ನೆಲ ಅಗೆಯುವವರು ಹತ್ತಾರು ಮಂದಿ: ನೀರಿನವರು, ವಿದ್ಯುತ್ತಿನವರು, ಗ್ಯಾಸಿನ ಪೈಪಿನವರು, ಕೇಬಲ್ಲಿನವರು, ಮೆಟ್ರೋದವರು. ಎರಡು ಕಲ್ಲು, ಒಂದು ಕೆಂಪು ಪಟ್ಟಿ ಇಟ್ಟು ಹೋದರು. ಹೊಂಡ ಏಳು ತಿಂಗಳು ಹಾಗೇ ಇತ್ತು. ಅಗೆದವರು ಯಾರೆಂದು ಇಂದಿಗೂ ನಮಗೆ ಗೊತ್ತಾಗಿಲ್ಲ. ಮೊದಲಾದರೆ ಸಂಜೆ ನಗರಸೇವಕರ ಕಚೇರಿಗೆ ಹೋಗಿ ಬೆಂಚಿನ ಮೇಲೆ ಕೂತು, ಚಹಾ ಬಂದರೆ ಕುಡಿದು, ದೂರು ಹೇಳಿ ಬರಬಹುದಿತ್ತು. ಕೆಲಸ ಆಗುತ್ತಿತ್ತೋ ಇಲ್ಲವೋ, ಯಾರು ಅಗೆದರು ಎಂಬುದಾದರೂ ತಿಳಿಯುತ್ತಿತ್ತು. ಸೊಸೈಟಿಯ ಲೆಟರ್‌ಹೆಡ್ಡಿನಲ್ಲಿ ಪತ್ರ ಬರೆಯಲು ಕೂತ ಸೆಕ್ರೆಟರಿ “ಇವರಿಗೆ” ಎಂದು ಬರೆದು ಪೆನ್ನು ಎತ್ತಿದವರು ಮುಂದೆ ಬರೆಯಲೇ ಇಲ್ಲ.

ಸೊಸೈಟಿಯನ್ನು ಇಷ್ಟು ಹೊಗಳಿದ ಮೇಲೆ ಅದರ ಇನ್ನೊಂದು ಮುಖವನ್ನೂ ತೋರಿಸಬೇಕು. ಸಹಕಾರದ ಈ ಕಥೆಯಲ್ಲಿ ಕನ್ನಡ ನಾಡಿನ ಪಾಲು ದೊಡ್ಡದು, ಅದನ್ನು ನಾವೇ ಮರೆತಿದ್ದೇವೆ. 1904ರ ಸಹಕಾರ ಕಾಯ್ದೆ ಬಂದ ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಆಗ ಗದಗ ಮುಂಬಯಿ ಪ್ರಾಂತದೊಳಗಿತ್ತು. ಉತ್ತರ ಕನ್ನಡವೂ ಅದೇ ಪ್ರಾಂತದಲ್ಲಿತ್ತು. ಅಲ್ಲಿಂದ ಮುಂಬಯಿಗೆ ಬಂದ ಸಾರಸ್ವತ ಸಮುದಾಯದ ಶ್ರೀಪಾದ ಸುಬ್ಬರಾವ್ ತಲ್ಮಕಿ 1906ರಲ್ಲಿ, ಮುಂದೆ ಬ್ಯಾಂಕಾದ ಶಾಮರಾವ್ ವಿಠಲ್ ಸಹಕಾರಿ ಪತ್ತಿನ ಸಂಘವನ್ನೂ, 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹ ಸಂಘವನ್ನೂ ಹುಟ್ಟುಹಾಕಿದರು. ದೇಶದ ಮೊದಲ ಗೃಹನಿರ್ಮಾಣ ಸಹಕಾರ ಸಂಘ ಎಂದು ಅದಕ್ಕೆ ಹೆಸರು. ತಾರ್‌ದೇವ್‌ನ ತಲ್ಮಕಿವಾಡಿ ಅವರ ನೆನಪಿನದು. ಇಂದು ಮುಂಬಯಿಯ ಪ್ರತಿ ಕಟ್ಟಡದ ಗೇಟಿನ ಮೇಲೆ ಕಾಣುವ ಆ ನಾಲ್ಕು ಅಕ್ಷರ, “ಸಿಎಚ್‌ಎಸ್ ಲಿ.” (ಕೋ-ಆಪರೇಟಿವ್ ಹೌಸಿಂಗ್ ಸೊಸೈಟಿ ಲಿಮಿಟೆಡ್), ಅಲ್ಲಿಂದ ಹೊರಟದ್ದು. ಗಾಮದೇವಿಯ ಆ ಸಂಘದ ಏರ್ಪಾಡು ಕೂಡ ಗಮನಿಸುವಂಥದ್ದು: ನೆಲ ಮತ್ತು ಕಟ್ಟಡ ಸಂಘದ್ದು, ಸದಸ್ಯರು ಅದರ ಬಾಡಿಗೆದಾರರು. ತಮ್ಮ ಕಟ್ಟಡವನ್ನು ತಾವೇ ಆಳಿಕೊಂಡ ಮೊದಲಿಗರು ಬಾಡಿಗೆದಾರರೇ ಆಗಿದ್ದರು.

ಈಗ ನಮ್ಮ ಕಟ್ಟಡಕ್ಕೆ ಬನ್ನಿ. ಎರಡನೇ ಮಹಡಿಯಲ್ಲಿ ಕುಂದಾಪುರ ಕಡೆಯ ಒಂದು ಕುಟುಂಬವಿದೆ. ಗಂಡ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಾರೆ. ಹನ್ನೊಂದು ತಿಂಗಳ ಕರಾರನ್ನು ಮತ್ತೆ ಮತ್ತೆ ಹೊಸದು ಮಾಡಿಸುತ್ತ ಒಂಬತ್ತು ವರ್ಷದಿಂದ ಅಲ್ಲೇ ಇದ್ದಾರೆ. ಮನೆಯ ಯಜಮಾನ ಇರುವುದು ದುಬೈಯಲ್ಲಿ. ನಾನು ಖಜಾಂಚಿಯಾಗಿದ್ದ ಐದು ವರ್ಷದಲ್ಲಿ ಅವರ ಮುಖ ಕಂಡದ್ದು ಒಂದೇ ಸಲ. ಮಹಾಸಭೆಯಲ್ಲಿ ಮತ ಇರುವುದು ಮಾತ್ರ ಅವರಿಗೇ. ಬಾಡಿಗೆಗಿರುವವರು ಹೆಚ್ಚೆಂದರೆ ನಾಮಮಾತ್ರ ಸದಸ್ಯರು. ಅವರು ಮನೆಯಲ್ಲಿದ್ದಾರೆ ಎಂಬ ಕಾರಣಕ್ಕೇ ಯಜಮಾನನ ಮೇಲೆ ಸೇವಾ ಶುಲ್ಕದ ಶೇ. 10ರವರೆಗೆ ಹೆಚ್ಚುವರಿ ಹೇರಬಹುದು, ಆ ಹಣ ಕೊನೆಗೆ ಬಾಡಿಗೆಯಲ್ಲೇ ಸೇರುತ್ತದೆ. ಮನೆ ಇಬ್ಬರ ಹೆಸರಿನಲ್ಲಿದ್ದರೆ ಮತ ಮೊದಲ ಹೆಸರಿನವರದು. ಕಟ್ಟಡದ ಬಹುತೇಕ ಹೆಂಗಸರು ಎರಡನೇ ಹೆಸರು.

ಒಂದು ಮಹಾಸಭೆಯ ದಿನ ಆ ಎರಡನೇ ಮಹಡಿಯ ಹೆಂಗಸು ಕೆಳಗೆ ಬಂದು ಹಿಂದಿನ ಸಾಲಿನಲ್ಲಿ ನಿಂತರು. ನೀರು ಬಿಡುವ ಹೊತ್ತಿನ ವಿಷಯ. ಬೆಳಿಗ್ಗೆ ಆರಕ್ಕೆ ಬಿಟ್ಟು ಏಳಕ್ಕೆ ಮುಚ್ಚಿದರೆ, ರಾತ್ರಿ ಒಂದು ಗಂಟೆಗೆ ಹೋಟೆಲಿನಿಂದ ಬಂದು ಮಲಗುವವರ ಮನೆಯಲ್ಲಿ ಹಂಡೆ ತುಂಬಿಸುವವರು ಯಾರು? ಕಟ್ಟಡದಲ್ಲಿ ಅಂಥ ಮನೆಗಳು ಏಳು. ಬಾಯಿ ತೆರೆಯುವಷ್ಟರಲ್ಲಿ ಚೇರ್ಮನ್, ಬಾಡಿಗೆಯವರಿಗೆ ಸಭೆಯಲ್ಲಿ ಮಾತಾಡುವ ಅವಕಾಶವಿಲ್ಲ ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ಒರಟಾಗಿ ಹೇಳಲಿಲ್ಲ, ನಿಯಮ ಹೇಳಿದರು. ಅವರು ನನ್ನ ಬಳಿ ಬಂದು, “ಅಣ್ಣ, ನೀವೇ ಹೇಳಿಬಿಡಿ” ಎಂದರು. ನಾನು ಎದ್ದು ನನ್ನದೇ ಸಲಹೆ ಎಂಬಂತೆ ಹೇಳಿದೆ. ನೀರಿನ ಹೊತ್ತು ಅರ್ಧ ಗಂಟೆ ಮುಂದಕ್ಕೆ ಹೋಯಿತು. ನಡಾವಳಿ ಪುಸ್ತಕದಲ್ಲಿ ನನ್ನ ಹೆಸರು ಬಂತು.

1872ರಲ್ಲಿ ಪಾಲಿಕೆಗೆ ಮತ ಹಾಕುವ ಹಕ್ಕಿದ್ದುದು ತೆರಿಗೆ ಕಟ್ಟುವವರಿಗೆ ಮಾತ್ರ. ಎಲ್ಲ ವಯಸ್ಕರೂ ಮತ ಹಾಕಿದ ಪಾಲಿಕೆ ಚುನಾವಣೆಗೆ ಮುಂಬಯಿ 1948ರವರೆಗೆ ಕಾಯಬೇಕಾಯಿತು. ಪಾಲಿಕೆಯಿಂದ ಹೊರದಬ್ಬಿದ ಆ ಹಳೆಯ ನಿಯಮ ಹೋಗಿ ಸೇರಿಕೊಂಡದ್ದು ಸೊಸೈಟಿಯ ಗೇಟಿನೊಳಗೆ ಎಂದು ನನಗೆ ಅನ್ನಿಸುತ್ತದೆ. ಆಸ್ತಿ ಇದ್ದವನೇ ಅಲ್ಲಿ ಪ್ರಜೆ. ಸಭೆ ಅಷ್ಟು ಚುರುಕಾಗಿ ನಡೆಯುವುದಕ್ಕೆ ಇದೂ ಒಂದು ಕಾರಣ: ಅಲ್ಲಿ ಕೂತವರೆಲ್ಲರ ಹಿತ ಹೆಚ್ಚು ಕಡಿಮೆ ಒಂದೇ. ಕಟ್ಟಡದ ಪುನರ್‌ನಿರ್ಮಾಣಕ್ಕೆ 2019ರ ಸರ್ಕಾರಿ ನಿರ್ದೇಶನದ ಪ್ರಕಾರ ಶೇ. 51 ಸದಸ್ಯರ ಒಪ್ಪಿಗೆ ಸಾಕು. ಆ ಶೇಕಡಾವಾರಿನಲ್ಲಿ ಎರಡನೇ ಮಹಡಿಯ ಈ ಮನೆಯವರು ಎಲ್ಲೂ ಬರುವುದಿಲ್ಲ, ಕಟ್ಟಡ ಬಿದ್ದರೆ ಮೊದಲು ಹೊರಡುವವರು ಅವರೇ ಆದರೂ. ಊರಿನ ದೇವಸ್ಥಾನದ ಆಮಂತ್ರಣ ಪತ್ರಿಕೆಯಲ್ಲಿ “ಊರ ಹತ್ತು ಸಮಸ್ತರು” ಎಂದು ಅಚ್ಚಾಗಿರುತ್ತದಲ್ಲ, ಆ ಹತ್ತರಲ್ಲಿ ಯಾರು ಬರುತ್ತಿದ್ದರು, ಅಂಗಳದ ಆಚೆ ಯಾರು ನಿಲ್ಲುತ್ತಿದ್ದರು ಎಂಬುದು ನಮ್ಮ ಅಜ್ಜಂದಿರಿಗೆ ಚೆನ್ನಾಗಿ ಗೊತ್ತಿತ್ತು.

ಪಾಲಿಕೆಯ ಮತಪತ್ರಕ್ಕೆ ಈ ಭೇದವಿಲ್ಲ. ಕರಾರು ಹನ್ನೊಂದು ತಿಂಗಳದಾದರೂ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಮಹಾರಾಷ್ಟ್ರದ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ಮುಂಬಯಿಯ 227ರಲ್ಲಿ 114. ಅಂದರೆ ಪಾಲಿಕೆ ಇಲ್ಲದ ನಾಲ್ಕು ವರ್ಷದಲ್ಲಿ ಫ್ಲ್ಯಾಟಿನ ಯಜಮಾನನಾದ ನಾನು ಕಳೆದುಕೊಂಡದ್ದು ಕಡಿಮೆ. ನನಗೆ ಕಮಿಟಿ ಇತ್ತು, ಲೆಟರ್‌ಹೆಡ್ ಇತ್ತು, ಟ್ಯಾಂಕರ್ ತರಿಸುವಷ್ಟು ನಿಧಿ ಇತ್ತು. ಕೂಗಬಹುದಾಗಿದ್ದವರಿಗೆ ಕೂಗುವ ಅಗತ್ಯ ಬೀಳಲಿಲ್ಲ. ಕೂಗಬೇಕಾದವರಿಗೆ ಸಭೆಯೇ ಇರಲಿಲ್ಲ.

ಊರಿನಲ್ಲಾದರೆ ಅವರಿಗೊಂದು ಸಭೆ ಇದೆ. ಕರ್ನಾಟಕದ ಗ್ರಾಮ ಪಂಚಾಯಿತಿಯಲ್ಲಿ ಸುಮಾರು ನಾನೂರು ಜನಕ್ಕೆ ಒಬ್ಬ ಸದಸ್ಯ, ಮೇಲೆ ಗ್ರಾಮಸಭೆ. ಮತದಾರರ ಪಟ್ಟಿಯಲ್ಲಿ ಇರುವ ಯಾರೂ ಅಲ್ಲಿ ಎದ್ದು ನಿಲ್ಲಬಹುದು. ಮುಂಬಯಿಯಲ್ಲಿ 2011ರ ಜನಗಣತಿಯ ಲೆಕ್ಕದಲ್ಲೇ ಒಬ್ಬ ನಗರಸೇವಕನಿಗೆ ಸರಾಸರಿ 55 ಸಾವಿರ ಜನ. ಸಂವಿಧಾನ ಹಳ್ಳಿಗೆ ಗ್ರಾಮಸಭೆ ಕೊಟ್ಟಿತು, ನಗರಕ್ಕೆ ವಾರ್ಡ್ ಸಮಿತಿ ಸಾಕು ಎಂದಿತು. ಮುಂಬಯಿಯ ವಾರ್ಡ್ ಸಮಿತಿಯಲ್ಲಿ ಮುಖ್ಯವಾಗಿ ಕೂರುವವರು ಮತ್ತೆ ನಗರಸೇವಕರೇ. ಮತಗಟ್ಟೆ ಮಟ್ಟದಲ್ಲಿ ಮತದಾರರೆಲ್ಲ ಸೇರುವ ಕ್ಷೇತ್ರಸಭೆಯ ವಿಚಾರ ಮಹಾರಾಷ್ಟ್ರದ ಕಾನೂನಿನಲ್ಲಿ 2009ರಿಂದ ಇದೆ, ಕಾಗದದಲ್ಲಿ ಭದ್ರವಾಗಿ. ನಲವತ್ತೆಂಟು ಮನೆಗಳ ಕಟ್ಟಡಕ್ಕೂ ಕೋಟಿ ಜನರ ಪಟ್ಟಣಕ್ಕೂ ನಡುವೆ ಮಾತಾಡುವ ಜಾಗ ಒಂದೂ ಇಲ್ಲ. ಮುಂಬಯಿ ಕನ್ನಡಿಗರಾದ ನಾವು ಆ ಖಾಲಿ ಜಾಗವನ್ನು ಸಂಘಗಳಿಂದ ತುಂಬಿಸಿಕೊಂಡೆವು: 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘ. ರಾತ್ರಿ ಶಾಲೆ ನಡೆಸಿದೆವು, ಸಭಾಂಗಣ ಕಟ್ಟಿದೆವು, ವಾರ್ಷಿಕ ಲೆಕ್ಕ ಮಂಡಿಸಿ ಜಗಳವಾಡಿದೆವು. ಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಇಳಿದಾಗ ಸಂಘಗಳಲ್ಲಿ ನಿಟ್ಟುಸಿರು ಬಿಟ್ಟೆವು. ಆ ಶಾಲೆಯ ಪ್ರಶ್ನೆ ಕೇಳಬೇಕಾದ ಸಭಾಗೃಹ ಬೀಗ ಹಾಕಿಕೊಂಡಿದೆ ಎಂಬುದನ್ನು ಯಾರೂ ಎತ್ತಲಿಲ್ಲ.

ಜನವರಿ 15ರ ಬೆಳಿಗ್ಗೆ ಮತಗಟ್ಟೆಯಾಗಿದ್ದ ಶಾಲೆಯ ವರಾಂಡದ ಸಾಲಿನಲ್ಲಿ ನನಗಿಂತ ನಾಲ್ಕು ಜನ ಮುಂದೆ ಎರಡನೇ ಮಹಡಿಯವರಿದ್ದರು. ಕಟ್ಟಡದ ಸದಸ್ಯರಲ್ಲಿ ಎಷ್ಟೋ ಮಂದಿ ರಜೆ ಸಿಕ್ಕಿತೆಂದು ಲೋಣಾವಳಕ್ಕೆ ಹೋಗಿದ್ದರು. ಒಟ್ಟು ಪಟ್ಟಣದಲ್ಲೂ ಮತ ಬಿದ್ದದ್ದು ಅರ್ಧಕ್ಕಿಂತ ತುಸು ಹೆಚ್ಚು.

ಫಲಿತಾಂಶ ಬಂದ ವಾರವೇ ಸೆಕ್ರೆಟರಿ ಆ ಹಳೆಯ ಪತ್ರ ಹೊರತೆಗೆದರು. ಮುಂದೆ ಬರೆಯಲು ಈಗ ಒಂದು ಹೆಸರಿತ್ತು. ಗೇಟಿನ ಎದುರಿನ ಹೊಂಡಕ್ಕೆ ಮಣ್ಣು ತುಂಬಿದ್ದಾರೆ, ಕಲ್ಲು ಹಾಕಿಲ್ಲ, ಮಕ್ಕಳು ಎಡವುತ್ತಾರೆ. ಪತ್ರದ ಜೊತೆ ಸಹಿಗಳ ಹಾಳೆ. ಅದರಲ್ಲಿ ಅಡಿಪಟ್ಟಿ ಹಿಡಿದು ಮೂರು ಕಾಲಂ ಎಳೆದಿದ್ದರು: ಫ್ಲ್ಯಾಟ್ ಸಂಖ್ಯೆ, ಸದಸ್ಯರ ಹೆಸರು, ಸಹಿ. ಇದು ವಾರ್ಡಿನ ಅರ್ಜಿ, ಸೊಸೈಟಿಯ ಠರಾವಲ್ಲ, “ಸದಸ್ಯರ” ಎಂಬ ಪದ ಹೊಡೆದು ಹಾಕಿದರೆ ಬಾಡಿಗೆಯ ಹನ್ನೆರಡು ಮನೆಯವರೂ ಸಹಿ ಮಾಡಬಹುದಲ್ಲ ಎಂದೆ. ಸೆಕ್ರೆಟರಿ ಕನ್ನಡಕ ತೆಗೆದು ಒರೆಸಿಕೊಂಡರು. ನೀವು ಹೇಳುವುದು ಸರಿಯೇ, ಮುಂದಿನ ಕಮಿಟಿ ಸಭೆಯಲ್ಲಿ ಇಡೋಣ ಎಂದರು.